ನಿಸ್ತಂತು ಮಣ್ಣು–ನೀರು ಸಂವೇದಕಗಳು

ಮಣ್ಣಿನ ತೇವ, ನೀರಿನ ಪಿಎಚ್, ಲವಣಾಂಶ ಮುಂತಾದವನ್ನು ಇದ್ದಲ್ಲೇ ಅಳೆದು ರೇಡಿಯೊ ಮೂಲಕ ಕಳಿಸುವ, ಬ್ಯಾಟರಿಯಿಂದ ನಡೆಯುವ ಪುಟ್ಟ ಉಪಕರಣಗಳು. ಅಳೆಯುವ ಕಡ್ಡಿ ಮತ್ತು ಸುದ್ದಿ ಮುಟ್ಟಿಸುವ ರೇಡಿಯೊ, ಈ ಎರಡೂ ಬೇರೆ ಬೇರೆ ದಾರಿಯಲ್ಲಿ ಬೆಳೆದು ಬಂದವು.

ತೇವ ಅಳೆಯುವ ವಿದ್ಯೆ ಹಳೆಯದು. 1940ರಲ್ಲಿ ಅಮೆರಿಕದ ಬೌಯೂಕಸ್ ಮತ್ತು ಮಿಕ್ ಮಣ್ಣಿನಲ್ಲಿ ಜಿಪ್ಸಂ ತುಂಡು ಹೂತು, ಅದರ ವಿದ್ಯುತ್ ರೋಧದಿಂದ ತೇವವನ್ನು ಲೆಕ್ಕಹಾಕಿದರು. 1980ರಲ್ಲಿ ಕೆನಡಾದ ಟಾಪ್ ಮತ್ತು ಸಂಗಡಿಗರು ಮಣ್ಣಿನ ಡೈಎಲೆಕ್ಟ್ರಿಕ್ ಸ್ಥಿರಾಂಕದಿಂದ ನೀರಿನ ಪ್ರಮಾಣ ತಿಳಿಯುವ ಸಮೀಕರಣ ಕೊಟ್ಟರು. ಈ ಸ್ಥಿರಾಂಕ ಒಣಮಣ್ಣಿಗೆ 3ರಿಂದ 5, ನೀರಿಗೆ ಸುಮಾರು 80. ಅಂತರ ಇಷ್ಟು ದೊಡ್ಡದಾದ್ದರಿಂದಲೇ ಒಂದು ಹದ ಮಳೆ ಬಿದ್ದರೆ ಅಗ್ಗದ ಕಡ್ಡಿಗೂ ಗೊತ್ತಾಗುತ್ತದೆ.

ರೇಡಿಯೊ ಭಾಗ ಹುಟ್ಟಿದ್ದು 1990ರ ದಶಕದ ಕೊನೆಯಲ್ಲಿ, ಬರ್ಕ್ಲಿ ವಿಶ್ವವಿದ್ಯಾಲಯದ ಕ್ರಿಸ್ಟೊಫರ್ ಪಿಸ್ಟರ್ ಅವರ ‘ಸ್ಮಾರ್ಟ್ ಡಸ್ಟ್’ ಯೋಜನೆಯಲ್ಲಿ. ಹಣ ಕೊಟ್ಟದ್ದು ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ. ಬೇಸಾಯ ಯಾರ ಲೆಕ್ಕದಲ್ಲೂ ಇರಲಿಲ್ಲ. 2002ರಲ್ಲಿ ಅಮೆರಿಕದ ಮೇನ್ ಕರಾವಳಿಯ ಗ್ರೇಟ್ ಡಕ್ ದ್ವೀಪದಲ್ಲಿ ಕಡಲಹಕ್ಕಿಗಳ ಬಿಲಗಳ ನಿಗಾಕ್ಕೆ ‘ಮೋಟ್’ ಎಂಬ 32 ಪುಟ್ಟ ನಿಸ್ತಂತು ಸಂವೇದಕ ಘಟಕಗಳನ್ನು ಇಟ್ಟ ಮೇಲೆ ಪರಿಸರ ವಿಜ್ಞಾನಿಗಳ ಕಣ್ಣು ಇತ್ತ ಹೊರಳಿತು.

ಕರ್ನಾಟಕ ತಡಮಾಡಲಿಲ್ಲ. 2004ರ ಹೊತ್ತಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸ್ವಿಟ್ಜರ್‌ಲೆಂಡಿನ ಇಪಿಎಫ್‌ಎಲ್ ಸಂಸ್ಥೆಯೂ ಸೇರಿ ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕಿನ ಚೆನ್ನಕೇಶವಪುರದಲ್ಲಿ ‘ಕಾಮನ್‌ಸೆನ್ಸ್ ನೆಟ್’ ಕೆಲಸ ಆರಂಭಿಸಿದವು. ಮಳೆಯನ್ನೇ ನೆಚ್ಚಿಕೊಂಡ ಸಣ್ಣ ಹಿಡುವಳಿದಾರರಿಗೆ ಯಾವ ಮಾಹಿತಿ ಬೇಕೆಂದು ಮೊದಲು ಅವರನ್ನೇ ಕೇಳಿದ್ದು ಈ ಯೋಜನೆಯ ಹೆಚ್ಚುಗಾರಿಕೆ. ಅಂಥ ವಿವೇಕ ಈ ಕ್ಷೇತ್ರದಲ್ಲಿ ಅಪರೂಪ.

ಆರಂಭದ ಪ್ರಯೋಗಗಳು ಎಡವಿದ್ದೂ ಉಂಟು. 2005ರಲ್ಲಿ ನೆದರ್‌ಲೆಂಡ್ಸ್‌ನ ಆಲೂಗಡ್ಡೆ ಹೊಲವೊಂದರಲ್ಲಿ ಅಂಗಮಾರಿ ರೋಗದ ಮುನ್ಸೂಚನೆಗೆಂದು ನೂರರಷ್ಟು ಘಟಕಗಳನ್ನು ನೆಟ್ಟರು. ಕೈಗೆ ಬಂದದ್ದು ಶೇ. 2ರಷ್ಟು ಮಾಹಿತಿ. ತಂತ್ರಾಂಶದ ದೋಷಗಳೂ ಬೇಗ ಬರಿದಾದ ಬ್ಯಾಟರಿಗಳೂ ಕೈಕೊಟ್ಟಿದ್ದವು. ಸಂಶೋಧಕರು ಅದನ್ನು ಮುಚ್ಚಿಡದೆ ಪ್ರಕಟಿಸಿದ್ದರಿಂದ ಮುಂದಿನವರಿಗೆ ಉಪಕಾರವಾಯಿತು.

ರೇಡಿಯೊದ ತೊಡಕು ಕ್ರಮೇಣ ಬಗೆಹರಿಯಿತು. 2015ರಲ್ಲಿ ಬಂದ ಲೋರಾವ್ಯಾನ್ ಮಾನದಂಡದಿಂದ ಸಣ್ಣ ಬ್ಯಾಟರಿಯಲ್ಲೇ ಕೆಲವು ಕಿಲೋಮೀಟರ್ ದೂರಕ್ಕೆ ಸಂದೇಶ ಹೋಗುತ್ತದೆ. ನೀರಿನ ರಾಸಾಯನಿಕ ಗುಣ ಅಳೆಯುವ ಕಡೆ ಕಥೆಯೇ ಬೇರೆ. ವಿಜ್ಞಾನಿ ಪೀಟ್ ಬರ್ಗ್‌ವೆಲ್ಡ್ 1970ರಲ್ಲೇ ಅಯಾನುಗಳನ್ನು ಗುರುತಿಸುವ ಟ್ರಾನ್ಸಿಸ್ಟರ್ ರೂಪಿಸಿದ್ದರೂ ನೀರಿನಲ್ಲಿ ಬಿಟ್ಟ ಕಡ್ಡಿಗೆ ಪಾಚಿ, ಲೋಳೆ ಹತ್ತುತ್ತದೆ. ಅಳತೆ ದಿನೇದಿನೇ ಜಾರುತ್ತದೆ. ಗೊತ್ತಿರುವ ದ್ರಾವಣದಲ್ಲಿ ಅದ್ದಿ ಮತ್ತೆ ಸರಿಹೊಂದಿಸಬೇಕಾಗುತ್ತದೆ. 2006ರಲ್ಲಿ ಬಾಂಗ್ಲಾದೇಶದ ಭತ್ತದ ಗದ್ದೆಯಲ್ಲಿ, ಅಂತರ್ಜಲದ ಆರ್ಸೆನಿಕ್ ಸಮಸ್ಯೆಯ ಅಧ್ಯಯನಕ್ಕೆ ನೈಟ್ರೇಟ್, ಅಮೋನಿಯಂ ಸಂವೇದಕಗಳನ್ನು ಇಳಿಸಿದ ಅಮೆರಿಕದ ತಂಡಕ್ಕೆ, ಯಾವ ಕಡ್ಡಿಯ ಮಾತು ನಂಬಬೇಕೆಂದು ತಿಳಿಯುವುದೇ ದೊಡ್ಡ ಕೆಲಸವಾಗಿತ್ತು.

ಫ್ಲೋರೈಡ್‌ಗೆ ಹೆಸರಾದ ಪಾವಗಡದ ಕೊಳವೆಬಾವಿಗಳ ನೀರನ್ನು ಇಂದಿಗೂ ಕಿಟ್‌ನಲ್ಲಿ ಪರೀಕ್ಷಿಸುತ್ತಾರೆ, ಇಲ್ಲವೇ ಬಾಟಲಿಯಲ್ಲಿ ತುಂಬಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ.