ಹರವಳೆಯ ಗುಹಾಲಯ: ಚೋರ್ಲಾ ಘಾಟ್ ಇಳಿದರೆ ಸಿಗುವ ಶಿವಸನ್ನಿಧಿ

ಗೋವಾ ಎಂದರೆ ಕಡಲತೀರ ಎಂಬ ಮಾತು ಬೆಳಗಾವಿ, ಖಾನಾಪುರ ಕಡೆಯವರಿಗೆ ಅಷ್ಟಾಗಿ ಒಪ್ಪುವುದಿಲ್ಲ. ಚೋರ್ಲಾ ಘಾಟ್ ಇಳಿಯುವವರಿಗೆ ಗೋವಾ ಆರಂಭವಾಗುವುದೇ ಕಾಡು ಮತ್ತು ಝರಿಗಳಿಂದ. ಘಾಟ್ ಮುಗಿದು ಕೇರಿ ದಾಟಿದರೆ ಸಾಂಖಳಿ ಪೇಟೆ. ಅಲ್ಲಿಂದ ಎರಡು-ಮೂರು ಕಿ.ಮೀ. ದೂರದಲ್ಲಿ ಹರವಳೆ ಗ್ರಾಮ. ಇಂಗ್ಲಿಷಿನವರು ಆರ್ವಾಲೆಂ ಎಂದು ಬರೆಯುವುದು ಇದೇ ಊರನ್ನು. ಇಲ್ಲಿ ಒಂದು ಪುರಾತನ ಗುಹಾಲಯ, ಒಂದು ಜಲಪಾತ ಹಾಗೂ ರುದ್ರೇಶ್ವರ ದೇವಸ್ಥಾನ ಹತ್ತಿರ ಹತ್ತಿರದಲ್ಲೇ ಇವೆ.

ಪಾಂಡವರ ಗುಹೆ

ಡಿಚೋಲಿ ತಾಲ್ಲೂಕಿಗೆ ಸೇರಿದ ಈ ಗುಹೆಗಳನ್ನು ಊರವರು ಕರೆಯುವುದು ಪಾಂಡವರ ಗುಹೆ ಎಂದು. ವನವಾಸದ ಕಾಲದಲ್ಲಿ ಐವರು ಸಹೋದರರು ಇಲ್ಲಿ ತಂಗಿದ್ದರೆಂಬುದು ಪ್ರತೀತಿ. ಬಂಡೆಯನ್ನು ಕೊರೆದು ಸಾಲಾಗಿ ಮಾಡಿದ ಕೋಣೆಗಳು, ಒಳಗೆ ಪೀಠದ ಮೇಲೆ ಶಿವಲಿಂಗ, ಮುಂದೆ ಒರಟು ಕಂಬಗಳು. ಇಷ್ಟೇ ಇಲ್ಲಿನ ರಚನೆ. ಗುಹೆಗಳ ಕಾಲ ಸುಮಾರು 6-7ನೇ ಶತಮಾನ ಎಂದು ಹೇಳಲಾಗುತ್ತದೆ. ಒಂದು ಲಿಂಗದ ಮೇಲೆ ಪುಟ್ಟ ಸಂಸ್ಕೃತ ಶಾಸನವಿದ್ದು, ಅದರ ಲಿಪಿ ಕೂಡ 7ನೇ ಶತಮಾನದತ್ತ ಬೆರಳು ತೋರಿಸುತ್ತದೆ.

ಇವು ಮೊದಲು ಬೌದ್ಧ ಭಿಕ್ಷುಗಳ ವಿಹಾರವಾಗಿದ್ದವು, ಲಿಂಗಗಳು ಆಮೇಲೆ ಬಂದವು ಎಂಬ ಅಭಿಪ್ರಾಯವೂ ವಿದ್ವಾಂಸರಲ್ಲಿದೆ. ಆರಂಭದಿಂದಲೇ ಶೈವ ಗುಹೆಗಳು ಎನ್ನುವವರೂ ಇದ್ದಾರೆ. ಇದೇ ತಾಲ್ಲೂಕಿನ ಲಾಮಗಾಂವದಲ್ಲೂ ಬೌದ್ಧರದ್ದೆನ್ನಲಾದ ಗುಹೆಗಳಿರುವುದರಿಂದ ಚರ್ಚೆ ನಿಂತಿಲ್ಲ. ಭಕ್ತರಿಗೆ ಮಾತ್ರ ಈ ವಾದದಿಂದ ತೊಂದರೆಯಿಲ್ಲ. ಲಿಂಗಕ್ಕೆ ಹೂವು ಏರುವುದು ಇಂದಿಗೂ ನಡೆದಿದೆ.

ಬಾದಾಮಿಯಂತೆ ಏಕಿಲ್ಲ?

ಬಾದಾಮಿ ನೋಡಿ ಬಂದವರಿಗೆ ಹರವಳೆ ಮೊದಲ ನೋಟದಲ್ಲಿ ಸಪ್ಪೆ ಅನ್ನಿಸಬಹುದು. ಬಾದಾಮಿಯ ಮೂರನೇ ಗುಹೆ ಕ್ರಿ.ಶ. 578ರದ್ದು. ಅಲ್ಲಿ ಆಳೆತ್ತರ ಮೀರಿದ ವಿಷ್ಣುವಿನ ಮೂರ್ತಿಗಳಿವೆ, ಇಲ್ಲಿ ಬರಿ ಗೋಡೆ. ಕುಶಲಿಗಳ ಕೊರತೆಯೇ ಇದಕ್ಕೆ ಕಾರಣ ಎನ್ನುವಂತಿಲ್ಲ. ಕಲ್ಲಿನ ಗುಣವನ್ನೂ ನೋಡಬೇಕು. ಬಾದಾಮಿಯದು ಮರಳುಗಲ್ಲು, ಸಣ್ಣ ಕೆತ್ತನೆಗೂ ಒಗ್ಗುತ್ತದೆ. ಹರವಳೆಯದು ಜಂಬಿಟ್ಟಿಗೆ. ಗಡಿಭಾಗದಲ್ಲಿ ಚಿರೇಕಲ್ಲು, ಜಾಂಭಾ ಎಂದು ಮನೆಗೋಡೆಗೆ ಬಳಸುವ ಅದೇ ಕೆಂಪು ಕಲ್ಲು. ನೆಲದಿಂದ ಕಡಿಯುವಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿದಾಗ ಗಟ್ಟಿಯಾಗುತ್ತದೆ. ಮೈತುಂಬ ರಂಧ್ರಗಳಿರುವುದರಿಂದ ಕಣ್ಣು ಮೂಗು ಬಿಡಿಸಲು ಬಾರದು. ಕೋಣೆ ಕೊರೆಯಲು ಸುಲಭ, ಮೂರ್ತಿ ಕೆತ್ತಲು ಕಷ್ಟ.

ಎರಡೂ ಕಡೆಯ ಚರಿತ್ರೆಗೆ ನಂಟಿದೆ. ಆ ಕಾಲದಲ್ಲಿ ಕೊಂಕಣವನ್ನಾಳುತ್ತಿದ್ದ ಮೌರ್ಯರೆಂಬ ಅರಸರನ್ನು ಬಾದಾಮಿ ಚಾಲುಕ್ಯರು ಸೋಲಿಸಿದ ಸಂಗತಿ ಕ್ರಿ.ಶ. 634ರ ಐಹೊಳೆ ಶಾಸನದಲ್ಲಿದೆ. ಮುಂದೆ ಗೋವಾ ಕದಂಬರು ಘಟ್ಟದ ಮೇಲಿನ ಹಲಸಿಯನ್ನೂ ಕೆಳಗಿನ ಕೊಂಕಣವನ್ನೂ ಆಳಿದರು. ಅವರ ಕಾಲದ ತಾಂಬಡಿ ಸುರ್ಲಾ ಮಹಾದೇವ ಗುಡಿ ಕಪ್ಪು ಕಲ್ಲಿನದು; ಆ ಕಲ್ಲನ್ನು ಘಟ್ಟದ ಮೇಲಿಂದ ತಂದರು ಎನ್ನಲಾಗಿದೆ. ನುಣುಪು ಕೆತ್ತನೆ ಅಲ್ಲಿ ಸಾಧ್ಯವಾದದ್ದಕ್ಕೆ ಇದೂ ಒಂದು ಕಾರಣ.

ರುದ್ರೇಶ್ವರ ಮತ್ತು ಜಲಪಾತ

ಗುಹೆಗಳಿಂದ ಸ್ವಲ್ಪ ದೂರದಲ್ಲಿ ಜಲಪಾತ, ಅದರ ಎದುರಿಗೇ ರುದ್ರೇಶ್ವರ ದೇವಸ್ಥಾನ. ಮಹಾಶಿವರಾತ್ರಿಗೆ ಇಲ್ಲಿ ಜನಸಂದಣಿ. ತೀರಿಕೊಂಡವರ ಕಾರ್ಯಕ್ಕೂ ಜನ ಇಲ್ಲಿಗೆ ಬರುತ್ತಾರೆ. ಆದ್ದರಿಂದ ಪ್ರವಾಸಿಗರು ಹೊಳೆಯ ದಂಡೆಯಲ್ಲಿ ಗದ್ದಲ ಮಾಡದಿರುವುದು ಒಳ್ಳೆಯದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಲಪಾತ ತುಂಬಿ ಧುಮ್ಮಿಕ್ಕುತ್ತದೆ. ನೋಡಲು ಚೆನ್ನಾದ ಕಾಲವೂ ಅದೇ, ಅಪಾಯದ ಕಾಲವೂ ಅದೇ. ಕೆಳಗಿನ ಮಡು ಆಳವಾಗಿದ್ದು, ಈಜಲು ಇಳಿದವರು ಪ್ರಾಣ ಕಳೆದುಕೊಂಡ ಉದಾಹರಣೆಗಳಿವೆ. ಮೇಲೆ ಘಟ್ಟದಲ್ಲಿ ಮಳೆ ಬಿದ್ದರೆ ಇಲ್ಲಿ ಬಿಸಿಲಿದ್ದರೂ ನೀರು ಏರಬಹುದು. ದೂರ ನಿಂತು ನೋಡುವುದೇ ಲೇಸು.

ಘಾಟಿನ ಮೇಲೆ ನೋಡುವಂಥವು

ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದ ಚೋರ್ಲಾ ಪ್ರದೇಶ ಊಟಿಯಂಥ ಗಿರಿಧಾಮವಲ್ಲ. ಕರ್ನಾಟಕ, ಗೋವಾ, ಮಹಾರಾಷ್ಟ್ರಗಳ ಗಡಿಗಳು ಕೂಡುವ ಸಹ್ಯಾದ್ರಿಯ ತಂಪು ಕಾಡು. ಮಳೆಗಾಲದಲ್ಲಿ ರಸ್ತೆ ಬದಿಯಲ್ಲೇ ಝರಿಗಳು, ಸುರ್ಲಾ ಕಣಿವೆಯಲ್ಲಿ ಮಂಜು. ಘಾಟಿನ ಬುಡದಲ್ಲಿ ಅಂಜುಣೆ ಅಣೆಕಟ್ಟು. ಗೋವಾ ಬದಿಯ ಕಾಡು 1999ರಲ್ಲಿ ಘೋಷಣೆಯಾದ, 208 ಚ.ಕಿ.ಮೀ. ವಿಸ್ತಾರದ ಮಹಾದಾಯಿ ವನ್ಯಜೀವಿ ಧಾಮಕ್ಕೆ ಸೇರಿದೆ.

ಬೆಳಗಾವಿಯಿಂದ ಬರುವವರಿಗೆ ಜಾಂಬೋಟಿ ದಾಟಿದ ಮೇಲೆ ಹಬ್ಬನಹಟ್ಟಿಯ ಸ್ವಯಂಭೂ ಮಾರುತಿ ಸಿಗುತ್ತಾನೆ. ಮಲಪ್ರಭೆಯ ಪಾತ್ರದಲ್ಲೇ ಇರುವ ಈ ದೇವರು ಮಳೆಗಾಲದಲ್ಲಿ ನೀರಿನಲ್ಲಿ ಮುಳುಗಿರುತ್ತಾನೆ. ಮುಂದೆ ಮಲಪ್ರಭೆ ಹುಟ್ಟುವ ಕಣಕುಂಬಿ. ಇಲ್ಲಿಂದ ಹೊರಟ ನದಿ ಪಟ್ಟದಕಲ್ಲಿನ ಗುಡಿಗಳ ಮಗ್ಗುಲಲ್ಲಿ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಇದೇ ಬೆಟ್ಟದ ಇನ್ನೊಂದು ಮಗ್ಗುಲಲ್ಲಿ ಬಿದ್ದ ಮಳೆ ಮಹಾದಾಯಿಯ ಪಾಲಾಗಿ, ಮಾಂಡವಿ ಎಂಬ ಹೆಸರಿನಲ್ಲಿ ಪಣಜಿಯ ಬಳಿ ಕಡಲು ಸೇರುತ್ತದೆ. ಈ ನೀರಿನ ಹಂಚಿಕೆ ಕುರಿತು ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ತೀರ್ಪು ನೀಡಿ, ಕರ್ನಾಟಕಕ್ಕೆ 13.42 ಟಿಎಂಸಿ ಎಂದಿತು. ಅದರಲ್ಲಿ ಕಳಸಾ, ಬಂಡೂರಿ ಹಳ್ಳಗಳಿಂದ ಮಲಪ್ರಭೆಗೆ ತಿರುಗಿಸಲು ಒಪ್ಪಿದ್ದು 3.9 ಟಿಎಂಸಿ. ರಾಜ್ಯಗಳ ನಡುವೆ ವ್ಯಾಜ್ಯವಿದ್ದರೂ ಶಿವರಾತ್ರಿ, ಜಾತ್ರೆ, ಬೀಗತನಗಳಿಗೆ ಗಡಿಯ ಜನ ಘಾಟ್ ಹತ್ತಿ ಇಳಿಯುವುದು ತಪ್ಪಿಲ್ಲ.

ಹೋಗುವವರು ಗಮನಿಸಬೇಕಾದ್ದು

* ಬೆಳಗಾವಿಯಿಂದ ಚೋರ್ಲಾ ಮಾರ್ಗವಾಗಿ ಸಾಂಖಳಿ ಸುಮಾರು 80 ಕಿ.ಮೀ. ಪಣಜಿಯಿಂದ 35 ಕಿ.ಮೀ. ಆಸುಪಾಸು.
* ಅಕ್ಟೋಬರ್‌ನಿಂದ ಫೆಬ್ರವರಿ ಪ್ರಯಾಣಕ್ಕೆ ಸುರಕ್ಷಿತ. ಮಳೆಗಾಲದಲ್ಲಿ ಮರ ಬಿದ್ದು, ಮಣ್ಣು ಜರಿದು ಘಾಟ್ ಬಂದ್ ಆಗುವುದುಂಟು, ವಿಚಾರಿಸಿ ಹೊರಡಿ.
* ಧಾಮದೊಳಗಿನ ಜಲಪಾತಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಸರಣಿ ದುರಂತಗಳ ಬಳಿಕ 2023ರ ಜುಲೈನಲ್ಲಿ ಗೋವಾ ಅರಣ್ಯ ಇಲಾಖೆ ಪ್ರವೇಶವನ್ನೇ ನಿಷೇಧಿಸಿತ್ತು.
* ಬೆಳಿಗ್ಗೆ ಬೇಗ ಹೊರಟರೆ ಕಣಕುಂಬಿ, ಹರವಳೆ ಎರಡನ್ನೂ ನೋಡಿ ಕತ್ತಲಾಗುವ ಮೊದಲು ಘಾಟ್ ದಾಟಬಹುದು.
* ಗುಹೆಗಳು ಸಂರಕ್ಷಿತ ಸ್ಮಾರಕ. ಗೋಡೆಯ ಮೇಲೆ ಹೆಸರು ಗೀಚುವುದು, ಕಂಬಕ್ಕೆ ಎಣ್ಣೆ ಹಚ್ಚುವುದು, ಒಳಗೆ ಕರ್ಪೂರದ ಹೊಗೆ ಹಾಕುವುದು ಬೇಡ. ಈ ಮೆತ್ತನೆಯ ಕಲ್ಲಿಗೆ ಹದಿಮೂರು-ಹದಿನಾಲ್ಕು ಶತಮಾನಗಳ ಮಳೆಯ ಪೆಟ್ಟೇ ಸಾಕಷ್ಟಾಗಿದೆ.