ವಾಹನ ಚಾಲನೆ ಕಲಿಯಲು ಸಿದ್ಧರಿಲ್ಲದ ಯುವಜನರು: ಕಲಿಕಾ ಅನುಜ್ಞಾ ಪತ್ರದ ಕುರಿತು ಮಾಹಿತಿ

ಪೀಠಿಕೆ

ಮುದಗಲ್ ಪಟ್ಟಣ ಹಾಗೂ ಲಿಂಗಸುಗೂರು, ಮಸ್ಕಿ, ಸಿಂಧನೂರು ತಾಲ್ಲೂಕುಗಳ ಗ್ರಾಮಗಳಲ್ಲಿ ಕಾಲೇಜು, ಹೊಲ ಮತ್ತು ಮಾರುಕಟ್ಟೆಗೆ ಹೋಗಿಬರಲು ದ್ವಿಚಕ್ರ ವಾಹನ ಹಾಗೂ ಟ್ರ್ಯಾಕ್ಟರ್‌ಗಳ ಬಳಕೆ ವ್ಯಾಪಕವಾಗಿದೆ. ಈ ಕಾರಣದಿಂದ ಮಕ್ಕಳು ಆದಷ್ಟು ಬೇಗ ಚಾಲನೆ ಕಲಿಯಬೇಕೆಂಬ ನಿರೀಕ್ಷೆ ಅನೇಕ ಕುಟುಂಬಗಳಲ್ಲಿ ಕಂಡುಬರುತ್ತದೆ. ಆದರೆ ಕೆಲವು ಯುವಕ ಯುವತಿಯರು ಭಯ, ದೃಷ್ಟಿದೋಷ ಅಥವಾ ಆತ್ಮವಿಶ್ವಾಸದ ಕೊರತೆಯಿಂದ ಕಲಿಕೆಗೆ ಹಿಂಜರಿಯುವುದುಂಟು. ಇಂತಹ ಅರ್ಜಿದಾರರು ಮತ್ತು ಅವರ ಪೋಷಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಕಾನೂನು ನಿಗದಿಪಡಿಸಿರುವ ವಯಸ್ಸು

ಮೋಟಾರು ವಾಹನ ಅಧಿನಿಯಮ, 1988ರ ಪ್ರಕರಣ 4ರನ್ವಯ ಕನಿಷ್ಠ ವಯಸ್ಸು ಈ ಕೆಳಕಂಡಂತಿದೆ:

1. 50 ಸಿಸಿ ಮೀರದ ಇಂಜಿನ್ ಸಾಮರ್ಥ್ಯದ ಮೋಟಾರು ಸೈಕಲ್: 16 ವರ್ಷ. ಗೇರುರಹಿತ ವಾಹನದ ಕಲಿಕಾ ಅನುಜ್ಞಾ ಪತ್ರಕ್ಕೆ 18 ವರ್ಷದೊಳಗಿನವರು ಪೋಷಕರ ಲಿಖಿತ ಒಪ್ಪಿಗೆಯನ್ನು ಸಲ್ಲಿಸತಕ್ಕದ್ದು.
2. ಇತರ ದ್ವಿಚಕ್ರ ವಾಹನ, ಕಾರು ಮತ್ತು ಟ್ರ್ಯಾಕ್ಟರ್: 18 ವರ್ಷ.
3. ಬಸ್, ಲಾರಿ ಮುಂತಾದ ಸಾರಿಗೆ ವಾಹನ: 20 ವರ್ಷ.

ಇಂದು ಸಾಮಾನ್ಯವಾಗಿ ಬಳಕೆಯಲ್ಲಿರುವ ಪೆಟ್ರೋಲ್ ಸ್ಕೂಟರ್‌ಗಳು 100 ಸಿಸಿ ಮೀರಿದ ಸಾಮರ್ಥ್ಯದವಾಗಿರುವುದರಿಂದ, 16 ವರ್ಷದವರಿಗೆ ಅವುಗಳ ಚಾಲನೆಗೆ ಅವಕಾಶವಿರುವುದಿಲ್ಲ.

ಮೇಲ್ಕಂಡವು ಕನಿಷ್ಠ ವಯಸ್ಸುಗಳೇ ಹೊರತು ಕಲಿಕೆಗೆ ವಿಧಿಸಿದ ಗಡುವುಗಳಲ್ಲ ಎಂಬುದನ್ನು ಗಮನಿಸತಕ್ಕದ್ದು. 18 ವರ್ಷ ತುಂಬಿದ ಕೂಡಲೇ ಅರ್ಜಿ ಸಲ್ಲಿಸಬೇಕೆಂಬ ನಿಯಮವಿಲ್ಲ.

ತಡವಾಗಿ ಅರ್ಜಿ ಸಲ್ಲಿಸಿದರೆ ನಷ್ಟವಿದೆಯೇ?

ಇಲ್ಲ. 18ನೇ ವಯಸ್ಸಿನಲ್ಲಿ ಅರ್ಜಿ ಸಲ್ಲಿಸಿದವರಿಗೂ 25ನೇ ವಯಸ್ಸಿನಲ್ಲಿ ಸಲ್ಲಿಸಿದವರಿಗೂ ಪರೀಕ್ಷೆ ಮತ್ತು ಶುಲ್ಕ ಒಂದೇ ಆಗಿರುತ್ತವೆ. 30 ವರ್ಷ ತುಂಬುವ ಮೊದಲು ಪಡೆದ ಖಾಸಗಿ ವಾಹನದ ಚಾಲನಾ ಅನುಜ್ಞಾ ಪತ್ರವು 40 ವರ್ಷ ವಯಸ್ಸಿನವರೆಗೆ ಊರ್ಜಿತದಲ್ಲಿರುತ್ತದೆ. ಚಾಲಕ ವೃತ್ತಿಯನ್ನು ಆಯ್ದುಕೊಳ್ಳುವವರು ಮಾತ್ರ, ಸಾರಿಗೆ ವಾಹನದ ಕಲಿಕೆಗೆ ಮುನ್ನ ಕನಿಷ್ಠ ಒಂದು ವರ್ಷ ಲಘು ಮೋಟಾರು ವಾಹನದ ಅನುಜ್ಞಾ ಪತ್ರ ಹೊಂದಿರಬೇಕೆಂಬುದನ್ನು ಗಮನದಲ್ಲಿಡತಕ್ಕದ್ದು.

ಪೋಷಕರ ಹೊಣೆಗಾರಿಕೆ

ಸಿದ್ಧರಿಲ್ಲದ ಮಕ್ಕಳ ಕೈಗೆ, ಅದರಲ್ಲಿಯೂ ಅಪ್ರಾಪ್ತರ ಕೈಗೆ, ವಾಹನ ಕೊಡುವುದು ಪೋಷಕರಿಗೂ ಅಪಾಯಕಾರಿಯಾಗಿರುತ್ತದೆ. 2019ರ ತಿದ್ದುಪಡಿಯಿಂದ ಸೇರ್ಪಡೆಯಾದ ಪ್ರಕರಣ 199ಎ ಅನ್ವಯ, ಅಪ್ರಾಪ್ತರು ವಾಹನ ಚಲಾಯಿಸಿ ಅಪರಾಧವೆಸಗಿದಲ್ಲಿ ಪೋಷಕರು ಅಥವಾ ವಾಹನದ ಮಾಲೀಕರನ್ನು ತಪ್ಪಿತಸ್ಥರೆಂದು ಪರಿಗಣಿಸಲಾಗುತ್ತದೆ. ಇದರ ಪರಿಣಾಮಗಳು:

1. ಪೋಷಕರು ಅಥವಾ ಮಾಲೀಕರಿಗೆ 3 ವರ್ಷಗಳವರೆಗೆ ಕಾರಾವಾಸ ಮತ್ತು ರೂ. 25,000 ದಂಡ.
2. ವಾಹನದ ನೋಂದಣಿ 12 ತಿಂಗಳ ಕಾಲ ರದ್ದು.
3. ಅಪ್ರಾಪ್ತರಿಗೆ 25 ವರ್ಷ ತುಂಬುವವರೆಗೆ ಅನುಜ್ಞಾ ಪತ್ರ ಪಡೆಯುವ ಅರ್ಹತೆ ಇರುವುದಿಲ್ಲ.

ತಮಗೆ ತಿಳಿಯದಂತೆ ಕೃತ್ಯ ನಡೆದಿದೆ ಅಥವಾ ಅದನ್ನು ತಡೆಯಲು ಸೂಕ್ತ ಎಚ್ಚರ ವಹಿಸಲಾಗಿತ್ತು ಎಂಬುದನ್ನು ಸಾಬೀತುಪಡಿಸುವ ಹೊಣೆ ಪೋಷಕರ ಮೇಲಿರುತ್ತದೆ. ಕಲಿಕಾ ಅನುಜ್ಞಾ ಪತ್ರ ಹೊಂದಿ, ಅದರಲ್ಲಿ ಅನುಮತಿಸಿದ ವಾಹನವನ್ನೇ ಚಲಾಯಿಸಿದ 16 ವರ್ಷ ಮೇಲ್ಪಟ್ಟವರ ಪೋಷಕರಿಗೆ ಮೇಲ್ಕಂಡ ದಂಡನೆ ಅನ್ವಯಿಸುವುದಿಲ್ಲ. ಚಾಲಕರಿಗೆ ಅನುಜ್ಞಾ ಪತ್ರವಿಲ್ಲದ ಅಪಘಾತಗಳಲ್ಲಿ ವಿಮಾ ಸಂಸ್ಥೆಯು ಪರಿಹಾರದ ಮೊತ್ತವನ್ನು ಮಾಲೀಕರಿಂದ ವಸೂಲು ಮಾಡುವ ಸಾಧ್ಯತೆಯೂ ಇರುತ್ತದೆ. ಸುಗ್ಗಿಯ ಕಾಲದಲ್ಲಿ ಟ್ರ್ಯಾಕ್ಟರನ್ನು ಹೊಲದಿಂದ ರಸ್ತೆಗೆ ತರಲು ಬಾಲಕರನ್ನು ಕಳುಹಿಸುವವರು ಈ ಅಂಶವನ್ನು ವಿಶೇಷವಾಗಿ ಗಮನಿಸತಕ್ಕದ್ದು.

ಹಿಂಜರಿಕೆಗೆ ಕಾರಣಗಳು ಮತ್ತು ಪರಿಹಾರ

ದೃಷ್ಟಿ: ನಮೂನೆ 1ರ ಸ್ವಯಂ ಘೋಷಣೆಯಲ್ಲಿ, ಹಗಲು ಬೆಳಕಿನಲ್ಲಿ 25 ಮೀಟರ್ ದೂರದಿಂದ ವಾಹನದ ಸಂಖ್ಯಾ ಫಲಕವನ್ನು ಗುರುತಿಸಲು ಸಾಧ್ಯವೇ ಎಂಬ ಪ್ರಶ್ನೆ ಇರುತ್ತದೆ. ಅಗತ್ಯವಿದ್ದವರು ಕನ್ನಡಕ ಧರಿಸಿಯೇ ಗುರುತಿಸಬಹುದು. ರಸ್ತೆಯ ಭಯವೆಂದು ತೋರುವುದು ಕೆಲವೊಮ್ಮೆ ದೃಷ್ಟಿದೋಷವಾಗಿರುತ್ತದೆ. ಆದ್ದರಿಂದ ಅರ್ಜಿಗೆ ಮುನ್ನ ಕಣ್ಣಿನ ತಪಾಸಣೆ ಮಾಡಿಸಿಕೊಳ್ಳುವುದು ಸೂಕ್ತ.

ಮೂರ್ಛೆ, ತಲೆಸುತ್ತು: ಈ ತೊಂದರೆಗಳ ಬಗ್ಗೆಯೂ ಅದೇ ನಮೂನೆಯಲ್ಲಿ ಪ್ರಾಮಾಣಿಕವಾಗಿ ನಮೂದಿಸತಕ್ಕದ್ದು. ಮನೆಯವರ ಒತ್ತಾಯಕ್ಕೆ ಮಣಿದು ಇವುಗಳನ್ನು ಮರೆಮಾಚಬಾರದು.

ರಸ್ತೆಯ ಭಯ: ಲಿಂಗಸುಗೂರು, ಮಸ್ಕಿ, ಸಿಂಧನೂರು ಮಾರ್ಗವಾಗಿ ಸಾಗುವ ರಾಷ್ಟ್ರೀಯ ಹೆದ್ದಾರಿ 150ಎ ಮೇಲೆ ಕಲಿಕೆಯನ್ನು ಆರಂಭಿಸುವುದು ಸೂಕ್ತವಲ್ಲ. ಮುದಗಲ್ ಮೊಹರಂ ಮುಂತಾದ ಜನಸಂದಣಿಯ ದಿನಗಳಲ್ಲಿಯೂ ಅಭ್ಯಾಸವನ್ನು ಕೈಬಿಡುವುದು ಒಳಿತು. ಪರವಾನಗಿ ಪಡೆದ ಚಾಲನಾ ತರಬೇತಿ ಶಾಲೆಯಲ್ಲಿ ಖಾಸಗಿ ವಾಹನದ ತರಬೇತಿಗೆ ಕನಿಷ್ಠ 21 ದಿನಗಳ ಅವಧಿ ಹಾಗೂ 10 ಗಂಟೆಗಳ ಚಾಲನೆಯನ್ನು ನಿಯಮಗಳು ನಿಗದಿಪಡಿಸಿವೆ. ಒಂದೆರಡು ದಿನಗಳಲ್ಲಿ ಕಲಿಯಲಾಗಲಿಲ್ಲವೆಂದು ನಿರಾಶರಾಗಬೇಕಾಗಿಲ್ಲ.

ಕಲಿಕಾ ಅನುಜ್ಞಾ ಪತ್ರದ ಅವಧಿ ಮತ್ತು ಷರತ್ತುಗಳು

1. ಕಲಿಕಾ ಅನುಜ್ಞಾ ಪತ್ರವು ನೀಡಿದ ದಿನದಿಂದ 6 ತಿಂಗಳು ಊರ್ಜಿತದಲ್ಲಿರುತ್ತದೆ. 30 ದಿನಗಳಾಗುವ ಮೊದಲು ಚಾಲನಾ ಪರೀಕ್ಷೆಗೆ ಹಾಜರಾಗಲು ಅವಕಾಶವಿಲ್ಲ.
2. ವಾಹನದ ಮುಂದೆ ಮತ್ತು ಹಿಂದೆ ಬಿಳಿ ಹಿನ್ನೆಲೆಯ ಮೇಲೆ ಕೆಂಪು ಬಣ್ಣದ ಆಂಗ್ಲ 'ಎಲ್' ಅಕ್ಷರದ ಫಲಕ ಇರತಕ್ಕದ್ದು.
3. ಕಾರಿನಲ್ಲಿ ಕಲಿಯುವಾಗ ಚಾಲನಾ ಅನುಜ್ಞಾ ಪತ್ರ ಹೊಂದಿದವರು, ವಾಹನವನ್ನು ನಿಯಂತ್ರಿಸಲು ಅನುಕೂಲವಾಗುವಂತೆ ಜೊತೆಯಲ್ಲಿ ಕುಳಿತಿರತಕ್ಕದ್ದು.
4. ದ್ವಿಚಕ್ರ ವಾಹನ ಕಲಿಯುವವರು ಕಲಿಸುವವರನ್ನು ಹೊರತುಪಡಿಸಿ ಬೇರೆಯವರನ್ನು ಹಿಂದೆ ಕೂರಿಸಿಕೊಳ್ಳಬಾರದು.

ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಕಲಿಕಾ ಪತ್ರ ಪಡೆದ ನಂತರವೂ ಸಿದ್ಧತೆ ಇಲ್ಲವೆನಿಸಿದರೆ?
ಉತ್ತರ: ಪರೀಕ್ಷೆಗೆ ಹಾಜರಾಗುವುದು ಕಡ್ಡಾಯವಲ್ಲ. ಅವಧಿ ಮುಗಿದ ನಂತರ ಹೊಸದಾಗಿ ಅರ್ಜಿ ಸಲ್ಲಿಸಬಹುದು. 2016ರಲ್ಲಿ ಪರಿಷ್ಕರಿಸಿದ ಕೇಂದ್ರ ನಿಯಮಗಳ ದರದಂತೆ ಕಲಿಕಾ ಪತ್ರಕ್ಕೆ ಪ್ರತಿ ವರ್ಗದ ವಾಹನಕ್ಕೆ ರೂ. 150 ಮತ್ತು ಅದರ ಪರೀಕ್ಷೆಗೆ ರೂ. 50 ಪಾವತಿಸಬೇಕಾಗುತ್ತದೆ.

ಪ್ರಶ್ನೆ: ಚಾಲನಾ ಪರೀಕ್ಷೆಯಲ್ಲಿ ಅನುತ್ತೀರ್ಣರಾದರೆ?
ಉತ್ತರ: 7 ದಿನಗಳ ನಂತರ ಮತ್ತೆ ಹಾಜರಾಗಬಹುದು. ಮೂರು ಬಾರಿ ಅನುತ್ತೀರ್ಣರಾದಲ್ಲಿ ಕೊನೆಯ ಪರೀಕ್ಷೆಯಿಂದ 60 ದಿನಗಳವರೆಗೆ ಕಾಯಬೇಕಾಗುತ್ತದೆ. ದೂರದಿಂದ ಬರುವ ಅರ್ಜಿದಾರರು ಪ್ರಯಾಣದ ವೆಚ್ಚ ಮತ್ತು ಒಂದು ದಿನದ ಕೂಲಿ ವ್ಯರ್ಥವಾಗದಂತೆ ಪೂರ್ಣ ಅಭ್ಯಾಸದ ನಂತರವೇ ದಿನಾಂಕ ನಿಗದಿಪಡಿಸಿಕೊಳ್ಳುವುದು ಒಳ್ಳೆಯದು.

ಪ್ರಶ್ನೆ: ಗುರುತಿನ ದಾಖಲೆಗಾಗಿ ಚಾಲನಾ ಅನುಜ್ಞಾ ಪತ್ರ ಅಗತ್ಯವೇ?
ಉತ್ತರ: ಅಗತ್ಯವಿಲ್ಲ. ಆಧಾರ್ ಅಥವಾ 18 ವರ್ಷ ತುಂಬಿದವರು ಪಡೆಯುವ ಮತದಾರರ ಗುರುತಿನ ಚೀಟಿಯನ್ನು ಬಳಸಬಹುದು.

ಪ್ರಶ್ನೆ: ಅಲ್ಲಿಯವರೆಗೆ ಕಾಲೇಜಿಗೆ ಹೋಗುವ ಬಗೆ ಹೇಗೆ?
ಉತ್ತರ: ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಬಸ್‌ಗಳಲ್ಲಿ ವಿದ್ಯಾರ್ಥಿಗಳಿಗೆ ರಿಯಾಯಿತಿ ಪಾಸಿನ ಸೌಲಭ್ಯವಿದೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಡಿ ರಾಜ್ಯದ ವಿದ್ಯಾರ್ಥಿನಿಯರು ಸಾಮಾನ್ಯ ಬಸ್‌ಗಳಲ್ಲಿ ಉಚಿತವಾಗಿ ಪ್ರಯಾಣಿಸಬಹುದು.

ಸೂಚನೆ

ಕಲಿಕಾ ಅನುಜ್ಞಾ ಪತ್ರಕ್ಕೆ ಸಾರಥಿ ಜಾಲತಾಣದ ಮೂಲಕ ಅರ್ಜಿ ಸಲ್ಲಿಸಬಹುದು. ಅರ್ಜಿಯನ್ನು ಸಲ್ಲಿಸಬೇಕಾದವರು ಚಾಲನೆ ಮಾಡಲಿರುವವರೇ ಆಗಿರುವುದರಿಂದ, ಅವರ ಇಚ್ಛೆ ಮತ್ತು ಸಿದ್ಧತೆಯನ್ನು ತಿಳಿದುಕೊಂಡ ನಂತರವೇ ಮುಂದುವರಿಯುವಂತೆ ಪೋಷಕರಲ್ಲಿ ಕೋರಲಾಗಿದೆ.