ಬಯೋಕೆಮಿಸ್ಟ್ರಿ ಓದಿದವರು ಏನಾದರು?

ಕೆಲವು ವಾರಗಳ ಹಿಂದೆ ತರಗತಿ ಮುಗಿದು ಕುರ್ಚಿಗಳನ್ನು ಎತ್ತಿಡುವಾಗ ಒಬ್ಬ ತಂದೆ ಬಂದು ಕೇಳಿದರು: "ಮೇಷ್ಟ್ರೇ, ಮಗಳು ಬಯೋಕೆಮಿಸ್ಟ್ರಿ ಓದ್ತೀನಿ ಅಂತಾಳೆ. ಅದನ್ನ ಓದಿ ಕೊನೆಗೆ ಏನಾಗ್ತಾಳೆ?" ಮೆಡಿಸಿನ್ ಓದಿದರೆ ಡಾಕ್ಟರು, ಲಾ ಓದಿದರೆ ಲಾಯರು. ಇದಕ್ಕೆ ಹಾಗೆ ಒಂದೇ ಮಾತಿನ ಉತ್ತರವಿಲ್ಲ. ಅಂದು ನಿಂತ ನಿಲುವಿನಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಈ ವಿದ್ಯೆಯ ಕಥೆಯಲ್ಲಿ ನಮ್ಮ ಊರುಗಳಿಗೂ ಪಾಲಿದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ಹಿರಿಯರ ಬಾಯಲ್ಲಿ ಅದು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್) ಜೀವರಸಾಯನ ವಿಭಾಗ ಶುರುವಾದದ್ದು 1921ರಲ್ಲಿ. ಅದನ್ನು ಕಟ್ಟಿದ ಗಿಲ್ಬರ್ಟ್ ಫೌಲರ್ ಮ್ಯಾಂಚೆಸ್ಟರಿನಿಂದ ಬಂದವರು. ಊರಿನ ಕೊಳಚೆ ನೀರನ್ನು ಸೂಕ್ಷ್ಮಜೀವಿಗಳಿಂದಲೇ ಶುದ್ಧ ಮಾಡಿಸುವುದು ಅವರ ಪರಿಣತಿ. ಅದೇ ವಿಭಾಗದ ಎಂ. ಶ್ರೀನಿವಾಸಯ್ಯನವರು ಶ್ರೀಗಂಧಕ್ಕೆ ತಗುಲುತ್ತಿದ್ದ ಸ್ಪೈಕ್ ರೋಗದ ಹಿಂದೆ ಬಿದ್ದವರು. ಎಲೆಗಳು ಸಣ್ಣಗಾಗಿ, ಮುಳ್ಳಿನಂತೆ ನೆಟ್ಟಗೆ ನಿಂತು, ಕೊನೆಗೆ ಮರವೇ ಸಾಯುವ ರೋಗ ಅದು. ಗಂಧವೇ ಸಂಪತ್ತಾಗಿದ್ದ ಮೈಸೂರು ಸಂಸ್ಥಾನಕ್ಕೆ ಇದು ಸಣ್ಣ ಚಿಂತೆಯಲ್ಲ. ಕೊಳಚೆ ನೀರು, ಗಂಧದ ಮರ: ಬಯೋಕೆಮಿಸ್ಟ್ರಿ ನಮ್ಮಲ್ಲಿ ಕಾಲೂರಿದ್ದು ಇಂಥ ಕೆಲಸಗಳಲ್ಲಿ.

ಇದೇ ಶ್ರೀನಿವಾಸಯ್ಯನವರ ಬಳಿಗೆ 1933ರಲ್ಲಿ ಬಂದವರು ಕಮಲಾ ಭಾಗವತ್, ಮುಂದೆ ಕಮಲಾ ಸೊಹೋನಿ. ಮುಂಬೈ ವಿಶ್ವವಿದ್ಯಾಲಯದ ಬಿ.ಎಸ್ಸಿ.ಯಲ್ಲಿ ಮೊದಲ ಸ್ಥಾನ. ತಂದೆ ಮತ್ತು ತಂದೆಯ ಸಹೋದರ ಇಬ್ಬರೂ ಟಾಟಾ ಇನ್‌ಸ್ಟಿಟ್ಯೂಟಿನಲ್ಲೇ ಓದಿದ ರಸಾಯನಶಾಸ್ತ್ರಜ್ಞರು. ಆದರೂ ಸೀಟು ಸಿಗಲಿಲ್ಲ. ಆಗ ನಿರ್ದೇಶಕರಾಗಿದ್ದವರು ಸರ್ ಸಿ.ವಿ. ರಾಮನ್. ಹೆಣ್ಣು ಎಂಬುದೇ ಕಾರಣ. ಕಮಲಾ ಊರಿಗೆ ಹಿಂದಿರುಗಲಿಲ್ಲ. ಬೆಂಗಳೂರಿಗೆ ಬಂದು, ಕಾರಣ ಕೊಡಿ ಎಂದು ಪಟ್ಟು ಹಿಡಿದರು. ಕೊನೆಗೆ ರಾಮನ್ ಒಪ್ಪಿದರು, ಷರತ್ತು ಹಾಕಿ: ಒಂದು ವರ್ಷ ಪರೀಕ್ಷಾರ್ಥವಾಗಿ ಇರಬೇಕು, ಕೆಲಸ ತಮಗೆ ತೃಪ್ತಿಯಾಗುವವರೆಗೂ ಅದಕ್ಕೆ ಮಾನ್ಯತೆ ಇಲ್ಲ, ಗಂಡು ವಿದ್ಯಾರ್ಥಿಗಳ ಗಮನ ಕೆಡಬಾರದು. ಅಷ್ಟು ದೊಡ್ಡ ವಿಜ್ಞಾನಿ ಇಷ್ಟು ಸಣ್ಣ ಮಾತಾಡಿದರಲ್ಲ ಎಂದು ಓದಿದಾಗಲೆಲ್ಲ ನನಗೆ ಬೇಸರವಾಗುತ್ತದೆ. ಆ ಅವಮಾನವನ್ನು ಕಮಲಾ ಕೊನೆಯವರೆಗೂ ಮರೆಯಲಿಲ್ಲ. ವರ್ಷ ಕಳೆದ ಮೇಲೆ ರಾಮನ್ ಮನಸ್ಸು ಬದಲಾಯಿತು, ಇತರ ಹುಡುಗಿಯರಿಗೂ ಬಾಗಿಲು ತೆರೆಯಿತು.

ಅಷ್ಟು ಹೋರಾಡಿ ಒಳಗೆ ಹೋದವರು ಕೈಗೆತ್ತಿಕೊಂಡದ್ದು ಹಾಲು ಮತ್ತು ಬೇಳೆಕಾಳುಗಳಲ್ಲಿನ ಪ್ರೋಟೀನು, ಅಂದರೆ ಬಡವರ ಊಟ. ಆಮೇಲೆ ಕೇಂಬ್ರಿಜ್. ಅಲ್ಲಿ ಆಲೂಗಡ್ಡೆಯ ಮೇಲೆ ಕೆಲಸ ಮಾಡುತ್ತ, ಜೀವಕೋಶದ ಉಸಿರಾಟಕ್ಕೆ ಬೇಕಾದ ಸೈಟೋಕ್ರೋಮ್ ಸಿ ಸಸ್ಯಗಳಲ್ಲೂ ಇದೆ ಎಂದು ತೋರಿಸಿದರು. 1939ರಲ್ಲಿ ಪಿಎಚ್.ಡಿ. ಪಡೆದು ದೇಶಕ್ಕೆ ಮರಳಿದರು. ದೆಹಲಿಯಲ್ಲಿ ಪಾಠ, ಕೂನೂರಿನ ಪೌಷ್ಟಿಕ ಆಹಾರ ಪ್ರಯೋಗಾಲಯ, ನಂತರ ಮುಂಬೈಯಲ್ಲಿ ನೀರಾ ಕುರಿತ ಸಂಶೋಧನೆ. ತಾಳೆಯ ಆ ಸಿಹಿ ರಸ ಅಪೌಷ್ಟಿಕತೆಯಿಂದ ಬಳಲುವ ಮಕ್ಕಳಿಗೂ ಬಸುರಿಯರಿಗೂ ಒಳ್ಳೆಯದೆಂದು ತೋರಿಸಿದ ಕೆಲಸಕ್ಕೆ ರಾಷ್ಟ್ರಪತಿ ಪ್ರಶಸ್ತಿ ಬಂತು.

ಇದೇ ವಿಭಾಗದ ಇನ್ನೊಬ್ಬರು ವಿ. ಸುಬ್ರಹ್ಮಣ್ಯನ್. 1950ರಲ್ಲಿ ಮೈಸೂರಿನ ಚೆಲುವಾಂಬ ಮ್ಯಾನ್ಷನ್‌ನಲ್ಲಿ ಸಿ.ಎಫ್.ಟಿ.ಆರ್.ಐ. ತೆರೆದಾಗ ಅದರ ಮೊದಲ ನಿರ್ದೇಶಕರು ಅವರೇ. ಎಮ್ಮೆ ಹಾಲಿನಿಂದ ಶಿಶು ಆಹಾರ ತಯಾರಿಸುವ ವಿಧಾನ ರೂಪುಗೊಂಡದ್ದು ಅಲ್ಲಿ. ಅಮೂಲ್ ಅದನ್ನು ಮನೆಮನೆಗೆ ಮುಟ್ಟಿಸಿತು. ಆ ಡಬ್ಬಿಯ ಹಾಲು ಕುಡಿದು ಬೆಳೆದವರು ನಮ್ಮಲ್ಲೇ ಎಷ್ಟು ಮಂದಿ ಇದ್ದಾರೋ!

ಇನ್ನು ನಮ್ಮ ಮೆಲ್ಬರ್ನ್ ಹತ್ತಿರದ ಕಥೆ. ಮಕ್ಕಳಿಗೆ ಸಾವರಿನ್ ಹಿಲ್ ತೋರಿಸಲು ನಾವೆಲ್ಲ ಒಮ್ಮೆಯಾದರೂ ಬ್ಯಾಲರಾಟ್‌ಗೆ ಹೋಗಿರುತ್ತೇವೆ. ಬೆಂಗಳೂರಿನಲ್ಲಿ ಪ್ರಾಣಿಶಾಸ್ತ್ರದ ಪದವಿ ಪಡೆದ ಕಿರಣ್ ಮಜುಂದಾರ್ 1970ರ ದಶಕದಲ್ಲಿ ಓದಲು ಬಂದದ್ದು ಅದೇ ಊರಿಗೆ. ಮೆಡಿಕಲ್ ಓದುವ ಆಸೆ ಕೈಗೂಡಿರಲಿಲ್ಲ. ಬಿಯರ್ ತಯಾರಿಕೆಯಲ್ಲಿದ್ದ ತಂದೆ ಅದೇ ವಿದ್ಯೆ ಕಲಿ ಎಂದರು. ಬಿಯರ್ ಎಂದರೆ ಮೂಗು ಮುರಿಯಬೇಡಿ. ಹುದುಗುವಿಕೆ ಎಂಬುದು ಅಪ್ಪಟ ಜೀವರಸಾಯನ. ತರಗತಿಯಲ್ಲಿ ಅವರೊಬ್ಬರೇ ಹೆಣ್ಣು, ಮೊದಲ ಸ್ಥಾನವೂ ಅವರದೇ. ಊರಿಗೆ ಮರಳಿದಾಗ, ಇದು ಗಂಡಸರ ಕೆಲಸ ಎಂದು ಯಾರೂ ನೌಕರಿ ಕೊಡಲಿಲ್ಲ. 1978ರಲ್ಲಿ ಬೆಂಗಳೂರಿನ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ 10,000 ರೂಪಾಯಿ ಬಂಡವಾಳದಿಂದ ಬಯೋಕಾನ್ ಶುರು ಮಾಡಿದರು. ಮೊದಲು ತಯಾರಿಸಿದ್ದು ಪರಂಗಿಕಾಯಿಯ ಕಿಣ್ವ ಪಪೇನ್, ಮತ್ತು ಮೀನಿನ ಗಾಳಿಚೀಲದಿಂದ ಬರುವ ಐಸಿಂಗ್ಲಾಸ್. ಇನ್ಸುಲಿನ್ ಬಂದದ್ದು ಬಹಳ ವರ್ಷಗಳ ನಂತರ.

ಈಗ ಆ ತಂದೆಯ ಪ್ರಶ್ನೆಗೆ. ಮೂರು ವರ್ಷದ ಪದವಿಯೊಂದರಿಂದಲೇ ಒಳ್ಳೆಯ ಕೆಲಸ ಸಿಕ್ಕೇ ಸಿಗುತ್ತದೆ ಎಂದು ನಾನು ಹೇಳಲಾರೆ. ಸಂಶೋಧನೆಗೆ ಹೋಗುವುದಾದರೆ ಆನರ್ಸ್ ವರ್ಷ, ಆಮೇಲೆ ಮೂರು ನಾಲ್ಕು ವರ್ಷದ ಪಿಎಚ್.ಡಿ. ಬೇಕು. ಆಹಾರ, ಔಷಧಿ, ಲಸಿಕೆ, ಗುಣಮಟ್ಟ ಪರೀಕ್ಷೆಯ ಕೆಲಸಗಳಿವೆ. ಬ್ರಾಡ್‌ಮೆಡೋಸ್‌ನಲ್ಲಿ ರಕ್ತದ ಪ್ಲಾಸ್ಮಾದಿಂದ ಔಷಧಿ ಮಾಡುವ ಸಿ.ಎಸ್.ಎಲ್. ಕಾರ್ಖಾನೆಯೇ ಇದೆ. ಪದವಿಯ ನಂತರ ಮೆಡಿಸಿನ್‌ಗೆ ಹೋಗುವ ದಾರಿಯೂ ಮುಚ್ಚಿಲ್ಲ. ಒಂದನ್ನು ಮಾತ್ರ ಅಂದು ಹೇಳಲು ಮರೆತೆ: ಆಸ್ಪತ್ರೆಯ ಪೆಥಾಲಜಿ ಲ್ಯಾಬಿನಲ್ಲೇ ಸೈಂಟಿಸ್ಟ್ ಆಗುವ ಆಸೆಯಿದ್ದರೆ ಅದಕ್ಕೆ ಮೆಡಿಕಲ್ ಲ್ಯಾಬೊರೇಟರಿ ಸೈನ್ಸ್ ಎಂಬ ಮಾನ್ಯತೆ ಪಡೆದ ಬೇರೆಯೇ ಪದವಿಯಿದೆ. ಅರ್ಜಿಯಲ್ಲಿ ಕೋರ್ಸುಗಳ ಕ್ರಮ ಬರೆಯುವ ಮೊದಲೇ ಮಗಳನ್ನು ಇದೊಂದು ಕೇಳಿ ತಿಳಿದುಕೊಳ್ಳಿ.